ಬಾರ್ಬರಾ ಟಕ್‌ಮನ್: ನಾಳೆ ಗೊತ್ತಿಲ್ಲದ ಇತಿಹಾಸ

1914ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಫ್ರಾನ್ಸಿನಲ್ಲಿ ಇಳಿದ ಮಧ್ಯಾಹ್ನ ದೂರದಲ್ಲಿ ಗುಡುಗಿತು, ಸಂಜೆ ಸೂರ್ಯ ರಕ್ತಗೆಂಪಾಗಿ ಮುಳುಗಿದ. ಮೊದಲ ಮಹಾಯುದ್ಧದ ಆರಂಭವನ್ನು ಕುರಿತ 'ದಿ ಗನ್ಸ್ ಆಫ್ ಆಗಸ್ಟ್' ಪುಸ್ತಕದ ಈ ವಿವರವನ್ನು ಓದುಗರೊಬ್ಬರು ಬಹಳ ಮೆಚ್ಚಿದರು. ಮುಂದಿನ ಸಾವುನೋವಿಗೆ ಲೇಖಕಿ ಹಾಕಿದ ಪೀಠಿಕೆ ಎಂದು ಅವರು ಭಾವಿಸಿದ್ದರು. ಆದರೆ ಬಾರ್ಬರಾ ಟಕ್‌ಮನ್ ಅದನ್ನು ಹೆಣೆದಿರಲಿಲ್ಲ. ಅಂದು ಅಲ್ಲಿ ಇಳಿದ ಅಧಿಕಾರಿಯೊಬ್ಬರ ನೆನಪಿನ ಬರಹದಲ್ಲಿ ಆ ಗುಡುಗೂ ಇತ್ತು, ಆ ಕೆಂಪೂ ಇತ್ತು. ಏನನ್ನೂ ಕಲ್ಪಿಸಬಾರದು, ಹವಾಮಾನವನ್ನು ಸಹ ಕಲ್ಪಿಸಬಾರದು ಎಂಬುದು ಅವರು ಹಾಕಿಕೊಂಡಿದ್ದ ಕಟ್ಟುಪಾಡು. ಕಥೆಯಂತೆ ಓದಿಸಿಕೊಳ್ಳುವ ಇತಿಹಾಸ ಬರೆಯುವವರಲ್ಲಿ ಈ ಕಟ್ಟುಪಾಡನ್ನು ಇಷ್ಟು ಬಿಗಿಯಾಗಿ ಪಾಲಿಸಿದವರು ಕಡಿಮೆ. ನಾನು ಮತ್ತೆ ಮತ್ತೆ ಅವರ ಪುಸ್ತಕ ಹಿಡಿಯುವುದು ಈ ನಂಬಿಕೆಯ ಮೇಲೆಯೇ.

ನ್ಯೂಯಾರ್ಕಿನಲ್ಲಿ 1912ರಲ್ಲಿ ಹುಟ್ಟಿದ ಟಕ್‌ಮನ್ ಡಾಕ್ಟರೇಟ್ ಮಾಡಲಿಲ್ಲ, ಯಾವ ವಿಶ್ವವಿದ್ಯಾಲಯದಲ್ಲೂ ಇತಿಹಾಸದ ಪ್ರಾಧ್ಯಾಪಕಿಯಾಗಲಿಲ್ಲ. ಅಂತರ್ಯುದ್ಧದ ಸ್ಪೇನಿನಿಂದ 'ದಿ ನೇಷನ್' ಪತ್ರಿಕೆಗೆ ವರದಿ ಮಾಡಿದರು, ಮದುವೆಯಾದರು, ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು. 'ಬೈಬಲ್ ಅಂಡ್ ಸ್ವೋರ್ಡ್' ಬಂದಾಗ ಅವರಿಗೆ 44 ವರ್ಷ. 'ಗನ್ಸ್' ಬಂದದ್ದು 1962ರಲ್ಲಿ, ಅವರಿಗೆ ಐವತ್ತಾದಾಗ. ಪುಲಿಟ್ಜರ್‌ನ ಇತಿಹಾಸ ವಿಭಾಗ ಅಮೆರಿಕದ ಇತಿಹಾಸಕ್ಕಷ್ಟೇ ಮೀಸಲು. ಹಾಗಾಗಿ ಈ ಪುಸ್ತಕಕ್ಕೆ ಕಥೇತರ ವಿಭಾಗದ ಬಹುಮಾನ ಕೊಟ್ಟರು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ದಿನಗಳಲ್ಲಿ ಅಧ್ಯಕ್ಷ ಕೆನಡಿ ಈ ಪುಸ್ತಕವನ್ನು ನೆನೆದರೆಂದು ಅವರ ತಮ್ಮ ರಾಬರ್ಟ್ ಬರೆದಿದ್ದಾರೆ.

'ಗನ್ಸ್' ಬರೆಯುವ ಮುಂಚೆ ಟಕ್‌ಮನ್ ಒಂದು ಪುಟ್ಟ ರೆನೋ ಕಾರು ಬಾಡಿಗೆಗೆ ಹಿಡಿದು ಯುದ್ಧ ನಡೆದ ಜಾಗಗಳನ್ನೆಲ್ಲ ಸುತ್ತಿದರು. ಸುತ್ತಿದ್ದೂ ಆಗಸ್ಟ್ ತಿಂಗಳಲ್ಲೇ, ಏಕೆಂದರೆ ಕುದುರೆ ಸೈನ್ಯ ತುಳಿದದ್ದು ತೆನೆ ಬಲಿತ ಹೊಲಗಳನ್ನು. ಲಿಯೇಜ್ ಬಳಿ ಮ್ಯೂಸ್ ನದಿ ಎಷ್ಟು ಅಗಲ, ಕಳೆದುಕೊಂಡ ಅಲ್ಸೇಸ್ ನಾಡು ವೋಜ್ ಬೆಟ್ಟದ ಮೇಲಿನ ಫ್ರೆಂಚ್ ಸೈನಿಕರ ಕಣ್ಣಿಗೆ ಹೇಗೆ ಕಂಡಿರಬಹುದು ಎಂಬುದನ್ನೆಲ್ಲ ನಿಂತು ನೋಡಿದರು. ಆ ಆಗಸ್ಟಿಗೆ ಅವರೂ ಒಬ್ಬ ಸಾಕ್ಷಿ. ಎರಡು ವರ್ಷದ ಮಗುವಾಗಿದ್ದಾಗ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಾಯಭಾರಿಯಾಗಿದ್ದ ತಾತ ಹೆನ್ರಿ ಮಾರ್ಗೆಂಥೋ ಅವರನ್ನು ಕಾಣಲು ಹೊರಟ ಹಡಗಿನಲ್ಲಿ ಅವರಿದ್ದರು. ಜರ್ಮನಿಯ 'ಗೋಬೆನ್' ನೌಕೆಯನ್ನು ಬ್ರಿಟಿಷರು ಬೆನ್ನಟ್ಟಿದ್ದು ಆ ಹಡಗಿನವರ ಕಣ್ಣೆದುರಿಗೇ. ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ, ಆದರೆ 'ನಾನು' ಬರುವುದಿಲ್ಲ. ರಾಯಭಾರಿಯ ಮಗಳು, ಅಳಿಯ, ಮೊಮ್ಮಕ್ಕಳು ಎಂದಷ್ಟೇ ಇದೆ. ಈ ಸಂಯಮವನ್ನು ನಾನು ಬಹಳ ಗೌರವಿಸುತ್ತೇನೆ.

ಜರ್ಮನರು ಪ್ಯಾರಿಸ್ ಮುಟ್ಟಲಿಲ್ಲ ಎಂಬುದು ಓದುಗರಿಗೆ ಮೊದಲೇ ಗೊತ್ತು. ಆದರೂ ಪುಟ ತಿರುಗಿಸುವಾಗ ಎದೆ ಹೊಡೆದುಕೊಳ್ಳುತ್ತದೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ತಿಳಿದೂ ನಾವು ಯಕ್ಷಗಾನದ ಎದುರು ಬೆಳಗಿನ ಜಾವದವರೆಗೆ ಕೂರುತ್ತೇವಲ್ಲ, ಹಾಗೆ. ಟಕ್‌ಮನ್ ಇದನ್ನು ಸಾಧಿಸಿದ್ದು ನಾಳೆಯ ಮಾತನ್ನು ಇಂದೇ ಆಡದೆ. ಆಗಸ್ಟ್ 20ರಂದು ಒಬ್ಬ ಸೇನಾಪತಿಗೆ ಏನು ತಿಳಿದಿತ್ತೋ ಅಷ್ಟನ್ನೇ ಓದುಗರ ಮುಂದಿಟ್ಟರೆ ಕುತೂಹಲ ತಾನಾಗಿ ಹುಟ್ಟುತ್ತದೆ.

ಜೀವನಚರಿತ್ರೆಯನ್ನು ಅವರು ಬಳಸಿದ್ದು ಒಂದು ಕಾಲವನ್ನು ನೋಡುವ ಕಿಟಕಿಯಾಗಿ. 14ನೇ ಶತಮಾನದ ಯುರೋಪನ್ನು, ಪ್ಲೇಗಿನ ಆ ಕಾಲವನ್ನು, ಬರೆಯಲು ಅವರಿಗೆ ಒಬ್ಬ ಮನುಷ್ಯ ಬೇಕಿತ್ತು. ರಾಜರದ್ದೆಲ್ಲ ವಿಶೇಷವೇ, ಆದ್ದರಿಂದ ರಾಜ ಬೇಡ. ಸಾಮಾನ್ಯನ ಬದುಕು ಅಷ್ಟು ವಿಸ್ತಾರಕ್ಕೆ ಒದಗದು. ಹೀಗೆ ಹುಡುಕಿ ಆರಿಸಿದ್ದು ಏಳನೆಯ ಆಂಗರಾಂ ದ ಕೂಸಿ ಎಂಬ ಫ್ರೆಂಚ್ ಸರದಾರನನ್ನು. ಆತ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನ ಅಳಿಯ. ಎರಡು ದೇಶಗಳ ಹಗೆ ಅವನ ಮನೆಯೊಳಗೇ ಇತ್ತು. ನಿಕೋಪೊಲಿಸ್ ಕದನದಲ್ಲಿ ಸೆರೆಸಿಕ್ಕು 1397ರಲ್ಲಿ ತುರ್ಕರ ಬಂಧನದಲ್ಲಿ ತೀರಿಕೊಂಡ. 'ಎ ಡಿಸ್ಟಂಟ್ ಮಿರರ್' (1978) ಇಡೀ ಶತಮಾನವನ್ನು ಅವನೊಬ್ಬನ ಹೆಗಲ ಮೇಲೆ ಹೊರಿಸುತ್ತದೆ.

ಕೊರತೆಗಳೂ ಇವೆ. 'ಗನ್ಸ್' ಬಾಲ್ಕನ್ ರಂಗವನ್ನು ಬೇಕೆಂದೇ ಬಿಟ್ಟಿದೆ. ಅದನ್ನವರು ಮುನ್ನುಡಿಯಲ್ಲಿ ಹೇಳಿಯೇ ಇದ್ದಾರೆ. ಆದರೂ ಯುದ್ಧದ ಕಿಡಿ ಹೊತ್ತಿದ ಜಾಗವೇ ಕಾಣೆಯಾದದ್ದು ಸಣ್ಣ ಕೊರತೆಯಲ್ಲ. ಟ್ರಾಯ್‌ನಿಂದ ವಿಯೆಟ್ನಾಂವರೆಗೆ ಆಳುವವರ ಮೂರ್ಖತನವನ್ನು ಹುಡುಕುವ 'ದಿ ಮಾರ್ಚ್ ಆಫ್ ಫಾಲಿ' (1984) ನನಗೆ ರುಚಿಸಲಿಲ್ಲ. ಅಲ್ಲಿ ತೀರ್ಪು ಮೊದಲು ಬರುತ್ತದೆ, ಘಟನೆಗಳು ಅದರ ಸಾಕ್ಷಿಗಳಾಗಿ ಹಿಂದೆ ಬರುತ್ತವೆ. ನಾಳೆ ಗೊತ್ತಿಲ್ಲದವರಂತೆ ಬರೆಯುವ ಅವರ ದೊಡ್ಡ ಶಕ್ತಿಗೆ ಅಲ್ಲಿ ಕೆಲಸವೇ ಇಲ್ಲ.

ನನ್ನ ಆಯ್ಕೆ ಅವರಿಗೆ ಎರಡನೇ ಪುಲಿಟ್ಜರ್ ತಂದ, ಅಮೆರಿಕದ ಜನರಲ್ ಸ್ಟಿಲ್‌ವೆಲ್ ಮತ್ತು ಚೀನಾ ಕುರಿತ 1971ರ ಪುಸ್ತಕ. 1942ರಲ್ಲಿ ಬರ್ಮಾ ಕೈತಪ್ಪಿದಾಗ, 59ರ ಈ ಜನರಲ್ ನೂರಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ಕಾಡು ಬೆಟ್ಟ ದಾಟಿ ನಮ್ಮ ಇಂಫಾಲಕ್ಕೆ ನಡೆದು ಬಂದರು, ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ಆ ಅಧ್ಯಾಯವನ್ನು ಕೈಗೆತ್ತಿಕೊಂಡರೆ ಕೆಳಗಿಡಲಾಗದು. ಆದರೆ ಟಕ್‌ಮನ್‌ಗೆ ತಮ್ಮ ನಾಯಕನ ಮೇಲೆ ಮಮತೆ ಜಾಸ್ತಿ, ಆಗಿನ ಚೀನಾದ ನಾಯಕ ಚಿಯಾಂಗ್ ಕೈ-ಶೆಕ್ ಕಡೆಯ ನ್ಯಾಯ ಅಷ್ಟಾಗಿ ಕೇಳಿಸುವುದಿಲ್ಲ. ಅದನ್ನು ಕೇಳಬೇಕೆನ್ನುವವರು ಚೀನಾ-ಜಪಾನ್ ಯುದ್ಧದ ಬಗ್ಗೆ ರಾಣಾ ಮಿಟರ್ 2013ರಲ್ಲಿ ತಂದ ಪುಸ್ತಕವನ್ನೂ ಇದರ ಜೊತೆಗೇ ಓದಬೇಕು.