ಬಡವರಿಗೆ ಪ್ಲೇಟೋ ಏಕೆ? ಅರ್ಲ್ ಶೋರಿಸರ ಗ್ರಂಥವೊಂದರ ವಿಚಾರ

ಪ್ಲಸ್ ಟು ಪ್ರವೇಶದ ದಿನಗಳಲ್ಲಿ ಕಾಸರಗೋಡಿನ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಸಯನ್ಸ್ ಸಿಗದಿದ್ದರೆ ಕಾಮರ್ಸ್, ಅದೂ ಸಿಗದಿದ್ದರೆ ಹ್ಯುಮಾನಿಟೀಸ್. ಸಾಹಿತ್ಯ, ಚರಿತ್ರೆ, ದರ್ಶನಗಳ ವ್ಯಾಸಂಗವು ಹೀಗೆ ಬೇರೇನೂ ದೊರೆಯದವರ ವಿದ್ಯೆಯಾಗಿ ಉಳಿದಿದೆ. ಬಡವರ ಮಕ್ಕಳು ಕೈಗೆ ಕೆಲಸ ಕೊಡುವುದನ್ನೇ ಕಲಿಯಬೇಕೆಂಬ ವಾದ ಅಮೆರಿಕದಲ್ಲಿಯೂ ಹಳೆಯದೇ. ದುಡಿಯುವ ಜನ ಕಡಿಮೆ ಶುಲ್ಕದಲ್ಲಿ ಓದುವ ಅಲ್ಲಿನ ಕಮ್ಯುನಿಟಿ ಕಾಲೇಜುಗಳ ಸುತ್ತ ಅದು ಇಂದಿಗೂ ನಡೆದಿದೆ. ಆ ವಾದವನ್ನು ಬುಡದಿಂದಲೇ ಅಲುಗಿಸಿದ ಗ್ರಂಥ ಅರ್ಲ್ ಶೋರಿಸರ ‘ರಿಚಸ್ ಫಾರ್ ದ ಪೂವರ್’ (2000).

1995ರಲ್ಲಿ ಶೋರಿಸರು ನ್ಯೂಯಾರ್ಕಿನ ಸಮಾಜಸೇವಾ ಕೇಂದ್ರವೊಂದರಲ್ಲಿ ಬಡವರಿಗಾಗಿ ಮಾನವಿಕ ತರಗತಿಯನ್ನು ತೆರೆದರು. ಕೇಂದ್ರದ ಹೆಸರಿನಿಂದಲೇ ಅದು ‘ಕ್ಲೆಮೆಂಟೆ ಕೋರ್ಸ್’ ಎನಿಸಿತು. ಬಡ ಮಕ್ಕಳಿಗೆ ಮೊದಲು ಬೇಕಾದದ್ದು ನಾಟಕ, ಸಂಗೀತ, ವಸ್ತುಸಂಗ್ರಹಾಲಯ, ಉಪನ್ಯಾಸಗಳ ಲೋಕ ಎಂದು ಸೆರೆಮನೆಯಲ್ಲಿದ್ದ ಮಹಿಳೆಯೊಬ್ಬರು ಅವರಿಗೆ ಹೇಳಿದ್ದೇ ಇದರ ಬೀಜ. ಸೇರಬಯಸುವವರಿಗೆ ಸಾಮಾನ್ಯ ದಿನಪತ್ರಿಕೆಯನ್ನು ಓದಲು ಬಂದರೆ ಸಾಕಿತ್ತು. ಪಾಠವಾದರೋ ನೀತಿದರ್ಶನ, ತರ್ಕ, ಕಲೆಯ ಇತಿಹಾಸ, ಕಾವ್ಯ, ಅಮೆರಿಕದ ಚರಿತ್ರೆ. ಬಡವರೆಂದು ಪಾಠವನ್ನು ತೆಳುಮಾಡಲಿಲ್ಲ. ಪ್ರಯಾಣದ ಖರ್ಚನ್ನು ಕೊಟ್ಟು, ಪ್ಲೇಟೋವನ್ನೇ ಕೈಗಿತ್ತರು. ಈ ಮರ್ಯಾದೆಯೇ ಗ್ರಂಥದ ದೊಡ್ಡ ಗುಣವೆಂದು ನಾವು ಬಗೆಯುತ್ತೇವೆ.

ಆದರೆ ಶೋರಿಸರು ತಮ್ಮ ವಾದಕ್ಕೆ ಒದಗಿಸುವ ಆಧಾರ ನಮಗೆ ಪೂರ್ತಿ ಒಪ್ಪಿಗೆಯಾಗದು. ಹಸಿವು, ಬಾಡಿಗೆ, ಪೊಲೀಸು, ರೋಗ ಮೊದಲಾದ ಒತ್ತಡಗಳು ಬಡವರನ್ನು ಸುತ್ತುವರಿದು ಯೋಚಿಸಲು ಬಿಡುವಿಲ್ಲದಂತೆ ಮಾಡುತ್ತವೆ. ಯೋಚನೆಯ ಮೂಲಕವೇ ಅವರು ಸಾರ್ವಜನಿಕ ಬದುಕಿಗೆ ಬರಬೇಕು ಎನ್ನುವವರೆಗೆ ಅವರ ಮಾತು ಗಟ್ಟಿಯಾಗಿದೆ. ಆ ಯೋಚನೆಯ ತವರು ಅಥೆನ್ಸ್ ಎಂದು ಸಾಧಿಸಹೊರಟಾಗ ಗ್ರಂಥ ಸೊರಗುತ್ತದೆ. ಕೆಲಸದ ಜಾಗದಲ್ಲಿ ಸಹೋದ್ಯೋಗಿಯ ಮೇಲೆ ಸಿಟ್ಟು ನೆತ್ತಿಗೇರಿದಾಗ, ಸಾಕ್ರೆಟಿಸನಾಗಿದ್ದರೆ ಏನು ಮಾಡುತ್ತಿದ್ದನೆಂದು ತನ್ನನ್ನೇ ಕೇಳಿಕೊಂಡು ತಡೆದುಕೊಂಡ ವಿದ್ಯಾರ್ಥಿಯ ಪ್ರಸಂಗ ಓದುಗರಿಗೆಲ್ಲ ಪ್ರಿಯವಾದದ್ದು. ನಮಗೂ ಅದು ಮೆಚ್ಚುಗೆಯೇ. ಆದರೂ ಒಬ್ಬನ ಕೋಪ ಇಳಿದದ್ದು ರಾಜಕೀಯ ಜಾಗೃತಿಗೆ ಸಾಕ್ಷಿಯಾಗಲಾರದು. ಬಡವರನ್ನು ಶಾಂತಗೊಳಿಸುವ ವಿದ್ಯೆಯನ್ನು ಉಳ್ಳವರು ಎಂದೂ ವಿರೋಧಿಸಿದವರಲ್ಲ.

ಇದಕ್ಕೆ ಉತ್ತರವನ್ನು ಗ್ರಂಥವೇ ಬೇರೊಂದು ಕಡೆ ಕೊಡುತ್ತದೆ. ಮೆಕ್ಸಿಕೋದ ಯುಕಾತಾನ್ ಪ್ರಾಂತದಲ್ಲಿ ಇದೇ ಬಗೆಯ ತರಗತಿ ನಡೆದಾಗ ಅಲ್ಲಿ ಪಾಠವಾದದ್ದು ಮಾಯಾ ಭಾಷೆ, ಮಾಯಾ ಸಾಹಿತ್ಯ. ಸ್ಪ್ಯಾನಿಷಿನ ನೆರಳಿನಲ್ಲಿ ಮನೆಮಾತಾಗಿ ಮಾತ್ರ ಉಳಿದಿದ್ದ ನುಡಿ ವಿಚಾರದ ನುಡಿಯಾಗಿ ತರಗತಿಗೆ ಬಂದಿತು. ಯೋಚನೆಗೆ ಒಂದೇ ತವರೂರಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ಗ್ರಂಥಕರ್ತರು ಮಾತ್ರ ತಮ್ಮ ಸಿದ್ಧಾಂತವನ್ನು ಇದಕ್ಕೆ ತಕ್ಕಂತೆ ತಿದ್ದಿಕೊಂಡಂತೆ ಕಾಣುವುದಿಲ್ಲ.

1956ರ ನವೆಂಬರ್ 1ರಿಂದ ಕೇರಳದೊಳಗಿರುವ ಕಾಸರಗೋಡಿನ ಕನ್ನಡಿಗರಾದ ನಾವು ಈ ಭಾಗವನ್ನು ಬೇರೆ ಬಗೆಯಲ್ಲಿ ಓದಿಕೊಳ್ಳುವುದು ಸಹಜ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಕನ್ನಡವಾಗಿಸಿದ ಗೋವಿಂದ ಪೈಗಳು ಮಂಜೇಶ್ವರದವರು. ಸೊಫೊಕ್ಲಿಸನ ನಾಟಕ ಬಿ.ಎಂ.ಶ್ರೀ.ಯವರ ಕೈಯಲ್ಲಿ ‘ಅಶ್ವತ್ಥಾಮನ್’ ಆಗಿದೆ. ಹೀಗಿರುವಾಗ ಅಥೆನ್ಸೋ ಮನೆಮಾತೋ ಎಂಬ ಆಯ್ಕೆಯೇ ನಮ್ಮೆದುರಿಗಿಲ್ಲ. 1957ರಲ್ಲಿ ಆರಂಭವಾದ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡವನ್ನು ಸ್ನಾತಕೋತ್ತರದವರೆಗೆ ಓದಬಹುದು. ಅಲ್ಲಿಗೆ ಮಕ್ಕಳನ್ನು ಕಳುಹಿಸುವಾಗ ಬೇರೆ ಸೀಟು ಸಿಗಲಿಲ್ಲವೆಂದು ನೆಂಟರಿಷ್ಟರಲ್ಲಿ ಕ್ಷಮೆ ಕೇಳುವಂತೆ ಮಾತನಾಡುವವರು, ಸಂಘದ ವೇದಿಕೆಯಲ್ಲಿ ಭಾಷಾಭಿಮಾನದ ಭಾಷಣ ಮಾಡುವ ನಾವೇ. ಕಾವ್ಯವನ್ನೂ ಚರಿತ್ರೆಯನ್ನೂ ಓದಿದರೆ ಸಂಬಳ ಬರುತ್ತದೆಂದು ಶೋರಿಸರು ಎಲ್ಲಿಯೂ ಭರವಸೆ ಕೊಡುವುದಿಲ್ಲ. ಪಂಚಾಯತಿನ ಸಭೆಯಲ್ಲಿ ಎದ್ದುನಿಂತು ತನ್ನ ನುಡಿಯಲ್ಲಿ ಅರ್ಜಿಯ ನಮೂನೆ ಏಕಿಲ್ಲವೆಂದು ಕೇಳುವ ಹುಡುಗಿ ಯಾವ ತರಗತಿಯಿಂದ ಬರುತ್ತಾಳೆಂಬ ಪ್ರಶ್ನೆ ಅವರ ಪುಟಗಳನ್ನು ಮುಚ್ಚಿಟ್ಟ ಮೇಲೂ ನಮ್ಮನ್ನು ಬಿಟ್ಟಿಲ್ಲ.