ಚಾಟ್‌ನಲ್ಲಿ ಕೆಡುವ ಕನ್ನಡ

ಸಾಗರದ ಶಿಕ್ಷಕರೊಬ್ಬರು ‘ನುಡಿ’ಯ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಪ್ರಶ್ನೆಗಳನ್ನು ನಕಲಿಸಿ, ಗಣಕದ ಚಾಟ್ ತಂತ್ರಾಂಶದಲ್ಲಿ ಹೊಸನಗರಕ್ಕೋ ತೀರ್ಥಹಳ್ಳಿಗೋ ಕಳಿಸಿದರೆನ್ನಿ. ಅಲ್ಲಿ ಕಾಣುವುದು ರೋಮನ್ ಅಕ್ಷರಗಳ ಗೋಜಲು. ನೀವೂ ಇದನ್ನು ಕಂಡು ಚಾಟ್ ತಂತ್ರಾಂಶವನ್ನು ಬೈದಿರಬಹುದು. ತಪ್ಪು ಅದರದ್ದಲ್ಲ.

ಆ ಫಾಂಟಿನಲ್ಲಿ ‘ಕ’ ಅಕ್ಷರಕ್ಕೆ ಸ್ವಂತ ಸಂಕೇತವೇ ಇಲ್ಲ. ಅದರ ಒಡಲು 80ರಲ್ಲಿ, ತಲೆಕಟ್ಟು 192ರಲ್ಲಿ. 80 ಎಂಬುದು ರೋಮನ್ ‘ಪಿ’ಯ ಸ್ಥಾನ! ಚಾಟ್ ರವಾನಿಸುವುದು ಸಂಖ್ಯೆಗಳನ್ನು ಮಾತ್ರ. ಫಾಂಟ್ ಜೊತೆಗೆ ಹೋಗುವುದಿಲ್ಲ. ಯೂನಿಕೋಡ್‌ನಲ್ಲಾದರೆ ‘ಕ’ ಎಂದರೆ 3221, ಎಲ್ಲ ಗಣಕಗಳಲ್ಲೂ. ಕನ್ನಡಕ್ಕೆ ಅಲ್ಲಿ 1991ರಿಂದಲೇ ಸ್ಥಾನವಿದೆ. ಹಳೆಯ ಫಾಂಟುಗಳಿಂದ ಮುದ್ರಣಕ್ಕೆ ಆದ ಉಪಕಾರ ದೊಡ್ಡದು, ಒಪ್ಪುತ್ತೇನೆ. ಆದರೆ ಅವು ಕಾಗದದ ಮೇಲೆ ಅಚ್ಚಾಗಲೆಂದು ಮಾಡಿದವು.

ನನ್ನ ಆಕ್ಷೇಪವಿರುವುದು ನಾವು ಹಿಡಿದಿರುವ ಅಡ್ಡದಾರಿಯ ಬಗ್ಗೆ: ಪುಟದ ಚಿತ್ರ ತೆಗೆದು ಕಳಿಸುವುದು. ಕಣ್ಣಿಗೆ ಅದು ಕನ್ನಡ, ಗಣಕಕ್ಕೆ ಬರೀ ಚುಕ್ಕೆಗಳು. ಪದ ಹುಡುಕಲಾಗದು, ತಿದ್ದಲಾಗದು. ಅಂಧ ವಿದ್ಯಾರ್ಥಿ ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ನೇರವಾಗಿ ಓದಿ ಹೇಳಲಾರದು. ಹಳೆಯ ಕಡತವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೊಮ್ಮೆ ಪರಿಶೀಲಿಸಿ ಕಳಿಸಿ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ರೂಢಿಯಾದವರಿಗೆ ಅದೇ ವಿನ್ಯಾಸ ಯೂನಿಕೋಡ್‌ನಲ್ಲೂ ಸಿಗುತ್ತದೆ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.