ಬಫಿ ಮತ್ತು ಏಂಜೆಲ್: ಜೊತೆಯಲ್ಲೇ ನೋಡಬೇಕಾದ ಎರಡು ಕಥೆ

2000ದ ನವೆಂಬರ್ 14ರ ಮಂಗಳವಾರ ರಾತ್ರಿ ಅಮೆರಿಕದ ಡಬ್ಲ್ಯುಬಿ ವಾಹಿನಿಯಲ್ಲಿ ಒಂದೇ ದೃಶ್ಯ ಎರಡು ಸಲ ಬಂತು. ಮೊದಲು ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಕಂತಿನಲ್ಲಿ: 1900ರ ಚೀನಾ, ಬಾಕ್ಸರ್ ದಂಗೆಯ ಗದ್ದಲ, ಹೊತ್ತಿ ಉರಿಯುವ ಬೀದಿಯಲ್ಲಿ ನಾಲ್ವರು ರಕ್ತಪಿಶಾಚಿಗಳು ಗೆದ್ದ ಗತ್ತಿನಿಂದ ನಡೆದು ಬರುತ್ತಾರೆ. ಅದು ಮುಗಿದ ಕೂಡಲೇ ಅದರ ಕವಲು ಧಾರಾವಾಹಿ ‘ಏಂಜೆಲ್’ನಲ್ಲಿ ಅದೇ ಬೀದಿ, ಅದೇ ನಡಿಗೆ. ಈ ಸಲ ನಾಲ್ವರಲ್ಲಿ ಒಬ್ಬನಾದ ಏಂಜೆಲ್‌ನ ಮುಖ ಬೇರೆಯೇ ಅರ್ಥ ಕೊಡುತ್ತದೆ. ಎರಡು ವರ್ಷದ ಹಿಂದೆಯೇ ಅವನಿಗೆ ಆತ್ಮ ಮರಳಿ ಬಂದಿದೆ. ನಿರಪರಾಧಿಗಳನ್ನು ಕೊಲ್ಲಲು ಕೈಬಾರದವನು ಕೊಲೆಗಡುಕರ ನಡುವೆ ಕೊಲೆಗಡುಕನಂತೆ ನಟಿಸುತ್ತಿದ್ದಾನೆ. ಪಾದ್ರಿಯ ಕುಟುಂಬವೊಂದನ್ನು ಗುಟ್ಟಾಗಿ ಬಚ್ಚಿಟ್ಟಿದ್ದಾನೆ. ಒಂದು ಗಂಟೆಯ ಹಿಂದೆ ವೀರಾವೇಶದಂತೆ ಕಂಡದ್ದು ಈಗ ನೋಡಲಾಗದಷ್ಟು ಸಂಕಟದ ದೃಶ್ಯ.

ಈ ಜೋಡಿಯನ್ನು ಇಂದು ಮತ್ತೆ ನೋಡುವ ಹಲವರು ಬಫಿಯ 7 ಸೀಸನ್‌ಗಳ 144 ಕಂತುಗಳನ್ನು ಮುಗಿಸಿ, ಆಮೇಲೆ ಏಂಜೆಲ್‌ನ 5 ಸೀಸನ್‌ಗಳ 110 ಕಂತುಗಳಿಗೆ ಕೈ ಹಾಕುತ್ತಾರೆ. ಆ ಕ್ರಮದಲ್ಲಿ ಇಂಥ ರಾತ್ರಿಗಳು ಕಳೆದುಹೋಗುತ್ತವೆ. ಎರಡೂ ಒಂದೇ ವಾಹಿನಿಯಲ್ಲಿ ಒಂದರ ಬೆನ್ನಿಗೆ ಒಂದು ಪ್ರಸಾರವಾದ 1999ರ ಅಕ್ಟೋಬರ್‌ನಿಂದ 2001ರ ಮೇ ತಿಂಗಳವರೆಗಿನ ಕಾಲದಲ್ಲಿ ಅವು ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಕವಲು ಧಾರಾವಾಹಿ ಎಂದರೆ ಗೆದ್ದ ಪಾತ್ರವೊಂದನ್ನು ಬೇರೆ ಊರಿಗೆ ಸಾಗಿಸಿ ದುಡ್ಡು ಮಾಡುವ ದಾರಿ ಎಂದು ನಂಬಿದ್ದ ಉದ್ಯಮದಲ್ಲಿ ಇದು ಅಪರೂಪದ ಸಂಗತಿ. ಅಲೌಕಿಕ ಧಾರಾವಾಹಿಯ ಈ ಪರಂಪರೆಯ ಬೆಲೆ ಕಟ್ಟುವಾಗ ಮೊದಲು ಕೇಳಬೇಕಾದದ್ದು ಇದೇ: ಹಿಂದಿನ ವಾರ ನಡೆದದ್ದನ್ನು ಈ ವಾರ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಬಫಿಗಿಂತ ಮೊದಲು ಅಮೆರಿಕದ ಟಿವಿಯಲ್ಲಿ ಭೂತಪ್ರೇತಗಳಿಗೆ ಕೊರತೆ ಇರಲಿಲ್ಲ. 1966ರಿಂದ 1971ರವರೆಗೆ ಓಡಿದ ‘ಡಾರ್ಕ್ ಶಾಡೋಸ್’ ಹಗಲಿನ ಹೊತ್ತೇ ರಕ್ತಪಿಶಾಚಿಯನ್ನು ಮನೆಮನೆಗೆ ತಂದಿತ್ತು. ‘ಕೋಲ್ಚಾಕ್: ದ ನೈಟ್ ಸ್ಟಾಕರ್’ ವಾರಕ್ಕೊಂದು ಪಿಶಾಚಿಯ ಬೆನ್ನು ಹತ್ತಿತ್ತು. 1993ರಲ್ಲಿ ಶುರುವಾದ ‘ದಿ ಎಕ್ಸ್-ಫೈಲ್ಸ್’ ಇವೆಲ್ಲವನ್ನೂ ಸರ್ಕಾರದ ಕಡತಗಳಿಗೆ ಸೇರಿಸಿತು. ಅದರ ಬಿಡಿ ಕಂತುಗಳಲ್ಲಿ ತನಿಖಾಧಿಕಾರಿಗಳಾದ ಮುಲ್ಡರ್ ಮತ್ತು ಸ್ಕಲಿ ಕಂಡದ್ದೆಲ್ಲ ಬಹುಮಟ್ಟಿಗೆ ಮುಂದಿನ ವಾರಕ್ಕೆ ಅಳಿಸಿಹೋಗುತ್ತಿತ್ತು. ಜಾಸ್ ವೀಡನ್ ಬರೆದ ‘ಬಫಿ’ ಕೂಡ ಮೊದಲು 1992ರಲ್ಲಿ ಸಿನಿಮಾ ಆಗಿ ಬಂದು, ಬರೆದವನಿಗೇ ಹಿಡಿಸದೆ ಹೋಗಿತ್ತು. 1997ರ ಮಾರ್ಚ್ 10ರಂದು ಅದು ಧಾರಾವಾಹಿಯಾಗಿ ಶುರುವಾದಾಗ ಮೊದಲ ಸೀಸನ್‌ಗೆ ಸಿಕ್ಕದ್ದು ಹನ್ನೆರಡೇ ಕಂತು. ಆಗಿನ್ನೂ ಎರಡು ವರ್ಷದ ಕೂಸಾಗಿದ್ದ ವಾಹಿನಿಗೆ ಕಳೆದುಕೊಳ್ಳುವುದು ಹೆಚ್ಚೇನೂ ಇರಲಿಲ್ಲ.

ಸನ್ನಿಡೇಲ್ ಎಂಬ ಕ್ಯಾಲಿಫೋರ್ನಿಯಾದ ಪುಟ್ಟ ಊರು, ಅಲ್ಲಿನ ಹೈಸ್ಕೂಲಿನ ಅಡಿಯಲ್ಲಿ ನರಕದ ಬಾಯಿ, ಅದನ್ನು ಕಾಯಲು ನೇಮಕವಾದ ಸ್ಲೇಯರ್, ಹದಿಹರೆಯದ ಹುಡುಗಿ ಬಫಿ. ಸೂತ್ರ ಸರಳ: ಆ ವಯಸ್ಸಿನ ಒಂದೊಂದು ಭಯಕ್ಕೂ ಒಂದೊಂದು ಪಿಶಾಚಿ. ಯಾರ ಕಣ್ಣಿಗೂ ಬೀಳದ ಹುಡುಗಿ ನಿಜಕ್ಕೂ ಅದೃಶ್ಯಳಾಗುತ್ತಾಳೆ. ಮಗಳ ಮೂಲಕ ತನ್ನ ಯೌವನವನ್ನು ಮತ್ತೆ ಬದುಕಲು ಹವಣಿಸುವ ತಾಯಿ, ಮಂತ್ರ ಹಾಕಿ ಮಗಳ ದೇಹವನ್ನೇ ಕಿತ್ತುಕೊಳ್ಳುತ್ತಾಳೆ. ಮೊದಲ ಸೀಸನ್ ಇಂದು ನೋಡಲು ಅಗ್ಗವಾಗಿ ಕಾಣುತ್ತದೆ. ರಬ್ಬರ್ ಮುಖವಾಡಗಳು ಕಣ್ಣಿಗೆ ಹೊಡೆಯುತ್ತವೆ. ಧಾರಾವಾಹಿ ತನ್ನ ಶಕ್ತಿಯನ್ನು ಕಂಡುಕೊಂಡದ್ದು 1998ರ ಜನವರಿಯ ‘ಇನೊಸೆನ್ಸ್’ ಕಂತಿನಲ್ಲಿ. ಹದಿನೇಳು ತುಂಬಿದ ರಾತ್ರಿ ಬಫಿ ತಾನು ಪ್ರೀತಿಸಿದ ಏಂಜೆಲ್‌ನ ಜೊತೆ ಮಲಗುತ್ತಾಳೆ. ಮರುದಿನ ಅವನು ಪರಿಚಯವೇ ಇಲ್ಲದವನಂತೆ ನಡೆದುಕೊಳ್ಳುತ್ತಾನೆ. ಎಷ್ಟೋ ಹುಡುಗಿಯರು ಅನುಭವಿಸಿರಬಹುದಾದ ಅವಮಾನ ಇದು. ಆದರೆ ಇಲ್ಲಿ ಅವನು ನಿಜಕ್ಕೂ ಬೇರೆಯವನಾಗಿದ್ದಾನೆ, ಆತ್ಮ ಕಳೆದುಕೊಂಡಿದ್ದಾನೆ. ಮುಂದಿನ ವಾರಗಳಲ್ಲಿ ಅವನು ಶಾಲೆಯ ಶಿಕ್ಷಕಿ ಜೆನಿ ಕ್ಯಾಲೆಂಡರ್‌ಳನ್ನು ಕೊಲ್ಲುತ್ತಾನೆ. ಆ ಸಾವನ್ನು ಧಾರಾವಾಹಿ ಮರೆಯಲಿಲ್ಲ. ಅವಳನ್ನು ಪ್ರೀತಿಸಿದ್ದ, ಬಫಿಯ ವಾಚರ್ ಅಂದರೆ ಮಾರ್ಗದರ್ಶಿಯಾದ ಜೈಲ್ಸ್, ಆತ್ಮ ಮರಳಿದ ಮೇಲೂ ಏಂಜೆಲ್‌ನನ್ನು ಕ್ಷಮಿಸುವುದಿಲ್ಲ. ಹಾಗೆ ಕ್ಷಮಿಸದಿರುವ ಹಕ್ಕನ್ನು ಅವನಿಗೆ ಬಿಟ್ಟುಕೊಟ್ಟದ್ದು ಬರಹಗಾರರ ದೊಡ್ಡತನ.

ಸೂತ್ರವನ್ನು ಮುರಿದಾಗ ಬಫಿ ತನ್ನ ಎತ್ತರ ಮುಟ್ಟಿತು. 1999ರ ಡಿಸೆಂಬರ್‌ನ ‘ಹಷ್’ ಕಂತಿನಲ್ಲಿ ಊರಿಗೆ ಊರೇ ದನಿ ಕಳೆದುಕೊಳ್ಳುತ್ತದೆ, ಅರ್ಧಕ್ಕಿಂತ ಹೆಚ್ಚು ಹೊತ್ತು ಮಾತೇ ಇಲ್ಲ. ಚುರುಕು ಸಂಭಾಷಣೆಗೆ ಹೆಸರಾಗಿದ್ದ ಧಾರಾವಾಹಿ ತನ್ನ ಅತಿ ದೊಡ್ಡ ಆಯುಧವನ್ನು ಕೆಳಗಿಟ್ಟು ಗೆದ್ದ ಕಂತು ಅದು. 2001ರ ಫೆಬ್ರವರಿ 27ರ ‘ದ ಬಾಡಿ’ ಇನ್ನೂ ದೂರ ಹೋಯಿತು. ಬಫಿ ಮನೆಗೆ ಬಂದಾಗ ತಾಯಿ ಜಾಯ್ಸ್ ಸೋಫಾದ ಮೇಲೆ ಸತ್ತು ಬಿದ್ದಿದ್ದಾಳೆ. ಮಿದುಳಿನ ರಕ್ತನಾಳ ಒಡೆದು ಬಂದ ಸಹಜ ಸಾವು; ಯಾವ ಪಿಶಾಚಿಯ ಕೈವಾಡವೂ ಇಲ್ಲ. ಇಡೀ ಕಂತಿನಲ್ಲಿ ಹಿನ್ನೆಲೆ ಸಂಗೀತವಿಲ್ಲ, ಎಲ್ಲಿ ಅಳಬೇಕೆಂದು ನೋಡುಗರಿಗೆ ಯಾರೂ ಸೂಚನೆ ಕೊಡುವುದಿಲ್ಲ. ಸಾವಿರ ವರ್ಷ ಪ್ರತೀಕಾರದ ದೆವ್ವವಾಗಿದ್ದು ಈಗಷ್ಟೇ ಮನುಷ್ಯಳಾಗಿರುವ ಆನ್ಯಾ, ಸತ್ತವರು ಎದ್ದು ಬರುವುದಿಲ್ಲವೇಕೆ ಎಂದು ಮಗುವಿನಂತೆ ಕೇಳುತ್ತಾಳೆ. ಸತ್ತವರು ವಾರವಾರ ಗೋರಿಯಿಂದ ಎದ್ದು ಬರುವ ಕಥೆಯೊಳಗೇ ಆ ಪ್ರಶ್ನೆ ಬಂದಾಗ ಎದೆ ಹಿಡಿದುಕೊಳ್ಳುತ್ತದೆ. ಟಿವಿಯಲ್ಲಿ ಸಾವಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ಕಂತುಗಳು ಕೆಲವೇ.

ಏಂಜೆಲ್ ಶುರುವಾದದ್ದು 1999ರ ಅಕ್ಟೋಬರ್ 5ರಂದು, ವೀಡನ್ ಮತ್ತು ಡೇವಿಡ್ ಗ್ರೀನ್‌ವಾಲ್ಟ್ ಜೋಡಿಯ ಕೈಯಲ್ಲಿ. ನಾಯಕನ ಕಥೆಯ ಬುಡದಲ್ಲಿರುವುದು ಶಾಪ. ಕನ್ನಡದ ಓದುಗರಿಗೆ ಶಾಪದ ಕಥೆಗಳು ಹೊಸವಲ್ಲ. ಶಾಪ ತಟ್ಟಿದವನು ರಾಕ್ಷಸನೋ ಕಲ್ಲೋ ಆಗಿ, ವಿಮೋಚನೆಯಾದಾಗ ಮೊದಲಿನ ರೂಪ ಪಡೆಯುವುದು ನಮಗೆ ಗೊತ್ತಿರುವ ದಾರಿ. ಇಲ್ಲಿ ಎಲ್ಲ ತಿರುವುಮುರುವು. ರೊಮಾನಿ ಜನ ತಮ್ಮ ಹುಡುಗಿಯನ್ನು ಕೊಂದ ರಕ್ತಪಿಶಾಚಿಗೆ ಆತ್ಮವನ್ನೇ ಶಾಪವಾಗಿ ಕೊಡುತ್ತಾರೆ: ಮಾಡಿದ್ದೆಲ್ಲ ನೆನಪಾಗಲಿ, ನೆನಪಾಗಿ ನರಳಲಿ. ಒಂದೇ ಒಂದು ಕ್ಷಣ ಅವನು ಪೂರ್ಣ ಸುಖ ಪಟ್ಟರೆ ಆತ್ಮ ಹೊರಟುಹೋಗುತ್ತದೆ. ಅಂದರೆ ಅವನಿಗೆ ವಿಮೋಚನೆಯೇ ವಿನಾಶ. ಬಫಿ ಬೆಳೆಯುವುದು ಹೇಗೆಂದು ಕೇಳಿದರೆ, ಏಂಜೆಲ್ ಸರಿಪಡಿಸಲಾಗದ ತಪ್ಪು ಮಾಡಿದ ಮೇಲೆ ಬೆಳಿಗ್ಗೆ ಏಳುವುದು ಹೇಗೆಂದು ಕೇಳುತ್ತದೆ. ಲಾಸ್ ಏಂಜಲೀಸ್‌ನ ಕತ್ತಲ ಓಣಿಗಳು, ಪತ್ತೇದಾರಿ ಕಚೇರಿ, ದೆವ್ವಗಳ ಪರ ವಾದಿಸುವ ವುಲ್ಫ್‌ರಾಮ್ ಅಂಡ್ ಹಾರ್ಟ್ ಎಂಬ ವಕೀಲರ ಸಂಸ್ಥೆ ಎಲ್ಲವೂ ಆ ಪ್ರಶ್ನೆಗೆ ತಕ್ಕಂತೆ ಕಟ್ಟಿದವು.

ಎರಡನ್ನೂ ಜೊತೆಗೆ ನೋಡಬೇಕೆನ್ನುವುದಕ್ಕೆ ಅತ್ಯುತ್ತಮ ಸಾಕ್ಷಿ ಫೇತ್. ಎಲೈಜಾ ಡುಷ್ಕು ನಟಿಸಿದ ಈ ಇನ್ನೊಬ್ಬ ಸ್ಲೇಯರ್ ಬಫಿಯ ಮೂರನೇ ಸೀಸನ್‌ಗೆ ಬರುತ್ತಾಳೆ, ಕತ್ತಲಲ್ಲಿ ಪಿಶಾಚಿಯೆಂದು ಒಬ್ಬ ಮನುಷ್ಯನನ್ನು ಕೊಲ್ಲುತ್ತಾಳೆ, ಪಶ್ಚಾತ್ತಾಪ ಪಡುವ ಧೈರ್ಯವಿಲ್ಲದೆ ಊರಿನ ದುಷ್ಟ ಮೇಯರ್‌ನ ಪಾಳಯ ಸೇರುತ್ತಾಳೆ. ಬಫಿಯ ಕೈಯಲ್ಲೇ ಇರಿತ ತಿಂದು ತಿಂಗಳುಗಟ್ಟಲೆ ಪ್ರಜ್ಞೆಯಿಲ್ಲದೆ ಬಿದ್ದವಳು ಎದ್ದು, ಬಫಿಯ ದೇಹವನ್ನೇ ಕದಿಯುತ್ತಾಳೆ. ಅಲ್ಲಿಂದ ಅವಳ ಕಥೆ ಧಾರಾವಾಹಿಯ ಗಡಿ ದಾಟಿ ‘ಏಂಜೆಲ್’ಗೆ ಹೋಗುತ್ತದೆ. ಹಣಕ್ಕಾಗಿ ಏಂಜೆಲ್‌ನನ್ನು ಕೊಲ್ಲಲು ಒಪ್ಪಿದವಳು ಕೊನೆಗೆ ಸುರಿಯುವ ಮಳೆಯಲ್ಲಿ ಅವನ ಎದೆಗೆ ಗುದ್ದುತ್ತಾ, ನನ್ನನ್ನೇ ಕೊಂದುಬಿಡು ಎಂದು ಅಂಗಲಾಚುತ್ತಾಳೆ. ಅವಳ ಹಿಂದೆಯೇ ಬಂದ ಬಫಿಗೆ ನ್ಯಾಯ ಬೇಕು, ಏಂಜೆಲ್ ಆಶ್ರಯ ಕೊಡುತ್ತಾನೆ. ಇಬ್ಬರೂ ಸರಿ ಎನ್ನುವಂತೆ ಬರೆದ ಜಗಳ ಅದು. ಫೇತ್ ತಾನಾಗಿ ಪೊಲೀಸರಿಗೆ ಶರಣಾಗುತ್ತಾಳೆ, ಜೈಲಿನಲ್ಲಿರುತ್ತಾಳೆ, ಏಂಜೆಲ್‌ನ ನಾಲ್ಕನೇ ಸೀಸನ್‌ನಲ್ಲಿ ಅವನಿಗಾಗಿ ಜೈಲು ಮುರಿದು ಹೊರಬಂದು, ಬಫಿಯ ಕೊನೆಯ ಸೀಸನ್‌ಗೆ ಮರಳುತ್ತಾಳೆ. ಬಫಿಯನ್ನಷ್ಟೇ ನೋಡಿದವರಿಗೆ ಅವಳು ಬದಲಾದದ್ದು ಹೇಗೆಂಬುದೇ ತಿಳಿಯುವುದಿಲ್ಲ.

ವೆಸ್ಲಿಯದೂ ಇಂಥದೇ ದೂರದ ಪಯಣ. ಅಲೆಕ್ಸಿಸ್ ಡೆನಿಸೋಫ್ ನಟಿಸಿದ ಈ ಇಂಗ್ಲಿಷ್ ವಾಚರ್ ಸನ್ನಿಡೇಲ್‌ನಲ್ಲಿ ನಗೆಪಾಟಲಿನ ಪುಕ್ಕಲ. ಲಾಸ್ ಏಂಜಲೀಸ್‌ನಲ್ಲಿ ಅವನು, ತಂದೆ ಮಗನನ್ನು ಕೊಲ್ಲುತ್ತಾನೆಂಬ ಸುಳ್ಳು ಭವಿಷ್ಯವಾಣಿ ನಂಬಿ, ಉಳಿಸುವ ಸದುದ್ದೇಶದಿಂದಲೇ ಏಂಜೆಲ್‌ನ ಹಸುಗೂಸನ್ನು ಕದಿಯುತ್ತಾನೆ. ಗಂಟಲು ಕುಯ್ಯಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದವನ ಬಳಿ ಏಂಜೆಲ್ ಶಾಂತವಾಗಿ ಮಾತಾಡಿ, ಮರುಕ್ಷಣ ದಿಂಬಿನಿಂದ ಅವನ ಉಸಿರುಗಟ್ಟಿಸಲು ನೋಡುತ್ತಾನೆ. ಸದುದ್ದೇಶಕ್ಕೆ ರಿಯಾಯಿತಿ ಇಲ್ಲ. ಐದನೇ ಸೀಸನ್‌ನಲ್ಲಿ ಏಂಜೆಲ್‌ನ ಸಂಗಡಿಗ ಗನ್ ತನ್ನ ಹೊಸ ಕಾನೂನು ಜ್ಞಾನ ಉಳಿಸಿಕೊಳ್ಳಲು ಓದದೆ ಹಾಕುವ ಒಂದು ಸಹಿ, ಗೆಳತಿ ಫ್ರೆಡ್‌ಳ ಪ್ರಾಣಕ್ಕೇ ಎರವಾಗುತ್ತದೆ. ಏಮಿ ಆಕರ್ ಅಲ್ಲಿಂದಾಚೆಗೆ ಫ್ರೆಡ್‌ಳ ದೇಹದಲ್ಲಿ ಇಲ್ಲಿರಿಯಾ ಎಂಬ ಪ್ರಾಚೀನ ದೆವ್ವವಾಗಿ ಮಾಡಿದ ನಟನೆ ಎರಡೂ ಧಾರಾವಾಹಿಗಳ ಅತ್ಯುತ್ತಮ ನಟನೆಗಳಲ್ಲಿ ಒಂದು.

ಹೀಗೆ ಎಲ್ಲ ತಪ್ಪಿಗೂ ಲೆಕ್ಕ ಕೇಳಿದ ಬರಹಗಾರರು ತಮ್ಮ ತಪ್ಪುಗಳ ಲೆಕ್ಕ ಕೊಡಲಿಲ್ಲ ಎಂಬುದೇ ಈಗ ನೋಡುವಾಗ ಹೆಚ್ಚು ಚುಚ್ಚುವ ಸಂಗತಿ. ಬಫಿಯ ಗೆಳತಿ ವಿಲೋ ಮತ್ತು ಟಾರಾಳ ಪ್ರೇಮವನ್ನು ಆ ಕಾಲದ ಅಮೆರಿಕನ್ ಟಿವಿ ಅಪರೂಪಕ್ಕೆ ಕಂಡ ಘನತೆಯಿಂದ ಬೆಳೆಸಿ, 2002ರ ಮೇ 7ರ ಕಂತಿನಲ್ಲಿ ಟಾರಾಳನ್ನು ದಾರಿತಪ್ಪಿದ ಗುಂಡಿಗೆ ಬಲಿಕೊಟ್ಟರು. ನಟಿ ಅಂಬರ್ ಬೆನ್ಸನ್ ಹೆಸರು ಶೀರ್ಷಿಕೆಯ ನಟವರ್ಗದಲ್ಲಿ ಮೊದಲ ಬಾರಿ, ಅದೊಂದೇ ಬಾರಿ ಬಂದದ್ದು ಆ ಸಾವಿನ ಕಂತಿನಲ್ಲಿ. ಸಲಿಂಗಿ ಪಾತ್ರಗಳಿಗೆ ಸುಖ ಸಿಕ್ಕ ಕೂಡಲೇ ಸಾವು ಬರೆಯುವ ಹಳೆಯ ಚಾಳಿಗೆ ಅದು ಸೇರಿಕೊಂಡಿತು. ಕಪ್ಪು ಸ್ಲೇಯರ್ ಕೆಂಡ್ರಾ ಮೂರು ಕಂತುಗಳಲ್ಲಿ ಬಂದು ಸತ್ತಳು, ಅವಳಿಗಾಗಿ ಮರುಗುವವರೂ ಹೆಚ್ಚು ಇರಲಿಲ್ಲ. ಸನ್ನಿಡೇಲ್ ಕ್ಯಾಲಿಫೋರ್ನಿಯಾದಲ್ಲಿದ್ದೂ ಕ್ಯಾಲಿಫೋರ್ನಿಯಾದ ಬಗೆಬಗೆಯ ಬಣ್ಣ, ಮೂಲಗಳ ಜನರನ್ನು ಕಂಡಂತಿಲ್ಲ. ಆರನೇ ಸೀಸನ್‌ನಲ್ಲಿ ವಿಲೋಳ ಮಾಂತ್ರಿಕ ಶಕ್ತಿಯನ್ನು ಮಾದಕ ವ್ಯಸನಕ್ಕೆ ಸಮ ಮಾಡಿ, ರೂಪಕವನ್ನು ಪಾಠವಾಗಿಸಿದರು. ಅಧಿಕಾರದ ಮದ ಎಂಬ ಅವಳ ನಿಜವಾದ ಕಥೆ ಅದರಡಿ ಹೂತುಹೋಯಿತು.

ಕಾರ್ಡೀಲಿಯಾಗೆ ಆದದ್ದು ಇನ್ನೂ ಕೆಟ್ಟದ್ದು. ಸನ್ನಿಡೇಲ್‌ನ ಜಂಬದ ಹುಡುಗಿ ಇತರರ ನೋವನ್ನು ತನ್ನ ತಲೆಯಲ್ಲಿ ಹೊರುವ ಹೆಣ್ಣಾಗಿ ಬೆಳೆದ ಬಗೆ ಏಂಜೆಲ್‌ನ ಮೊದಲ ಮೂರು ಸೀಸನ್‌ಗಳ ಹೆಮ್ಮೆ. ನಾಲ್ಕನೆಯದರಲ್ಲಿ ಅವಳ ದೇಹವನ್ನು ಬೇರೊಂದು ಶಕ್ತಿಗೆ ಒಪ್ಪಿಸಿ, ಅವಳೇ ಎತ್ತಿ ಆಡಿಸಿದ್ದ ಹುಡುಗನ ಜೊತೆ ಮಲಗಿಸಿ, ಬಳಿಕ ಪ್ರಜ್ಞೆ ತಪ್ಪಿಸಿ ಮೂಲೆಗೆ ಸರಿಸಿದರು. ನಟಿ ಕರಿಸ್ಮಾ ಕಾರ್ಪೆಂಟರ್ ಆಗ ನಿಜಕ್ಕೂ ಗರ್ಭಿಣಿ. 2021ರ ಫೆಬ್ರವರಿಯಲ್ಲಿ ಆಕೆ, ವೀಡನ್ ಅಧಿಕಾರ ದುರುಪಯೋಗ ಮಾಡಿಕೊಂಡು ಗರ್ಭಿಣಿಯಾಗಿದ್ದ ತಮ್ಮನ್ನು ಹಿಂಸಿಸಿದರೆಂದು ಬಹಿರಂಗವಾಗಿ ಆರೋಪಿಸಿದರು. ಅಂಬರ್ ಬೆನ್ಸನ್, ಮಿಶೆಲ್ ಟ್ರಾಕ್ಟೆನ್‌ಬರ್ಗ್ ದನಿಗೂಡಿಸಿದರು. ಬಫಿಯಾಗಿ ನಟಿಸಿದ ಸಾರಾ ಮಿಶೆಲ್ ಗೆಲರ್ ತಮ್ಮ ಹೆಸರು ವೀಡನ್ ಹೆಸರಿನೊಂದಿಗೆ ಸೇರಿಕೊಂಡಿರುವುದು ಬೇಡವೆಂದರು. ಮರುವರ್ಷದ ಸಂದರ್ಶನದಲ್ಲಿ ವೀಡನ್ ಕೆಲವನ್ನು ಒಪ್ಪಿ ಹಲವನ್ನು ಅಲ್ಲಗಳೆದರು. ಇದನ್ನು ತಿಳಿದ ಮೇಲೆ ಆ ಸೀಸನ್ ಮೊದಲಿನಂತೆ ಕಾಣುವುದಿಲ್ಲ, ಕಾಣಬಾರದು. ಜೊತೆಗೆ ಈ ಕಥೆಗಳು ಒಬ್ಬನೇ ಮೇಧಾವಿಯ ಸೃಷ್ಟಿ ಎಂಬ ಹಳೆಯ ಮಾತನ್ನೂ ಕೈಬಿಡಬೇಕು. ಆರಂಭದಲ್ಲಿ ಹೇಳಿದ ಜೋಡಿ ಕಂತುಗಳನ್ನು ಬರೆದವರು ಡಗ್ಲಸ್ ಪೆಟ್ರಿ ಮತ್ತು ಟಿಮ್ ಮಿನಿಯರ್. ಜೇನ್ ಎಸ್ಪೆನ್ಸನ್, ಮಾರ್ಟಿ ನಾಕ್ಸನ್, ಡೇವಿಡ್ ಫ್ಯೂರಿ, ಡ್ರೂ ಗೊಡಾರ್ಡ್, ಸ್ಟೀವನ್ ಡಿನೈಟ್ ಇಲ್ಲದೆ ಈ ಪರಂಪರೆಯೇ ಇಲ್ಲ.

ಅದರ ಸಂತತಿ ದೊಡ್ಡದು. 15 ಸೀಸನ್ ಓಡಿದ ‘ಸೂಪರ್‌ನ್ಯಾಚುರಲ್’, ‘ದ ವ್ಯಾಂಪೈರ್ ಡೈರೀಸ್’ ಮತ್ತು ಅದರ ಕವಲು ‘ದಿ ಒರಿಜಿನಲ್ಸ್’, ಬ್ರಿಟನ್ನಿನಲ್ಲಿ 2005ರ ಹೊಸ ‘ಡಾಕ್ಟರ್ ಹೂ’ ಮತ್ತು ಅದರ ಕವಲು ‘ಟಾರ್ಚ್‌ವುಡ್’ ಎಲ್ಲದರಲ್ಲೂ ಬಫಿಯ ಗುರುತಿದೆ. ಒಂದು ಸೀಸನ್‌ಗೆ ಒಬ್ಬ ಮುಖ್ಯ ಖಳ ಎಂಬ ಲೆಕ್ಕವನ್ನು ಇವರೆಲ್ಲ ಕಲಿತರು. ಸತ್ತವರನ್ನು ಮತ್ತೆ ಎಬ್ಬಿಸುವುದನ್ನೂ ಕಲಿತರು. ಎಬ್ಬಿಸಿದ್ದಕ್ಕೆ ತೆರಬೇಕಾದ ಬೆಲೆಯನ್ನು ಮಾತ್ರ ಬಹಳಷ್ಟು ಜನ ಬಿಟ್ಟುಬಿಟ್ಟರು. ಬಫಿಯನ್ನು ಗೆಳೆಯರು ಸಾವಿನಿಂದ ಮರಳಿ ತಂದ ಮೇಲೆ, ನಾನು ಸ್ವರ್ಗದಲ್ಲಿದ್ದೆ, ನೀವು ಅಲ್ಲಿಂದ ಕಿತ್ತು ತಂದಿರಿ ಎಂಬ ಸತ್ಯ ಅವರಿಗೆ ತಿಳಿಯುವುದು 2001ರ ನವೆಂಬರ್‌ನ ಸಂಗೀತಮಯ ಕಂತಿನಲ್ಲಿ, ಬಫಿ ಹಾಡಲೇಬೇಕಾದ ಒತ್ತಾಯದಲ್ಲಿ. ಆಮೇಲಿನ ಅವಳ ಖಿನ್ನತೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ನೋಡಲು ಕಷ್ಟವಾದರೂ ಆರನೇ ಸೀಸನ್‌ನ ಆ ಭಾಗಕ್ಕೆ ಇಂದು ಹೆಚ್ಚು ಗೌರವ ಸಲ್ಲಬೇಕು.

ಎರಡನ್ನು ಪಕ್ಕಪಕ್ಕ ಇಟ್ಟರೆ, ಬಫಿಯ ಶಿಖರಗಳು ಎತ್ತರ. ಕೊನೆಯ ನಡಿಗೆಯಲ್ಲಿ ಏಂಜೆಲ್ ಗಟ್ಟಿ. ಬಫಿ 2001ರಲ್ಲಿ ಯುಪಿಎನ್ ವಾಹಿನಿಗೆ ಹೋದ ಮೇಲೆ ಎರಡರ ನಡುವಿನ ಹೋಗಿಬರುವಿಕೆ ಬಹುಮಟ್ಟಿಗೆ ನಿಂತಿತು, ಬಫಿಯೇ ಹೆಚ್ಚು ಬಡವಾಯಿತು. ಏಳನೇ ಸೀಸನ್ ಭಾಷಣಗಳಲ್ಲಿ ಸೊರಗಿದೆ. ಏಂಜೆಲ್ ಮಾತ್ರ 2004ರ ಫೆಬ್ರವರಿಯಲ್ಲಿ ರದ್ದತಿಯ ಸುದ್ದಿ ಬಂದ ಮೇಲೂ, ಮೇ 19ರ ಕೊನೆಯ ಕಂತಿನವರೆಗೆ ತನ್ನ ಪ್ರಶ್ನೆಯನ್ನು ಕೈಬಿಡಲಿಲ್ಲ. ಗೆಲ್ಲುವ ಭರವಸೆಯೇ ಇಲ್ಲದ ಹೋರಾಟಕ್ಕೆ ಅದರ ಜನ ಕತ್ತಿ ಎತ್ತುವಾಗ ಕಥೆ ನಿಲ್ಲುತ್ತದೆ.

ನೋಡಲು ಕೂರುವವರು ಎರಡು ವಿಷಯ ಗಮನಿಸಬೇಕು. ಬಫಿಯನ್ನು ಚಿತ್ರೀಕರಿಸಿದ್ದು ಹಳೆಯ ಟಿವಿಯ 4:3 ಚೌಕಟ್ಟಿಗೆ. ನಂತರ ಬಂದ ಅಗಲ ಪರದೆಯ ಎಚ್‌ಡಿ ಆವೃತ್ತಿಯಲ್ಲಿ ಚೌಕಟ್ಟು ಕೆಟ್ಟಿದೆ, ಕೆಲವು ರಾತ್ರಿ ದೃಶ್ಯಗಳು ಹಗಲಿನಂತಾಗಿವೆ, ಅಲ್ಲಲ್ಲಿ ಚಿತ್ರತಂಡದವರೂ ಕಾಣಿಸಿಕೊಳ್ಳುತ್ತಾರೆ. 4:3 ಚೌಕಟ್ಟಿನ ಹಳೆಯ ಡಿವಿಡಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಇನ್ನು ಬಫಿಯ ನಾಲ್ಕನೇ ಸೀಸನ್‌ನ ಮೊದಲ ಕಂತಿನಿಂದ ಒಂದು ಬಫಿ, ಒಂದು ಏಂಜೆಲ್ ಎಂದು ಪ್ರಸಾರದ ಕ್ರಮದಲ್ಲೇ ನೋಡಿ.